ಅಂಬಾಸಿಡರ್ 80 ಕಿ.ಮೀ. ವೇಗದಲ್ಲಿ ನಡುಗಿದರೆ ಮೊದಲು ಶಾಫ್ಟಿನ ಕೋನ ನೋಡಿ

ಸರ್, ಐದು ಗೇರಿನ ಗೇರ್‌ಬಾಕ್ಸ್ ಕೂರಿಸಿ, ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಬ್ಲಾಕ್ ಹಾಕಿ ಗಾಡಿ ತಗ್ಗಿಸಿದ ಮೇಲೆ 80ರಲ್ಲಿ ಸೀಟೆಲ್ಲ ನಡುಗುತ್ತದೆ, ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಿಲ್ಲ ಅಂದಿರಿ ಅಲ್ವಾ? ಸುಮ್ನೆ ಇನ್ನೊಂದು ಪಾರ್ಟ್ ಬದಲಿಸಬೇಡಿ. ತುಮಕೂರು ರಸ್ತೆ ಖಾಲಿ ಇರುವಾಗ ಅದೇ ಸ್ಪೀಡಿನಲ್ಲಿ ನ್ಯೂಟ್ರಲ್‌ಗೆ ಹಾಕಿ. ನಡುಕ ಹಾಗೇ ಇದ್ದರೆ ತೊಂದರೆ ಎಂಜಿನ್, ಕ್ಲಚ್‌ನದಲ್ಲ. ನನ್ನ ಅನುಮಾನ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಉದ್ದ ದಂಡ) ಕೋನದ ಮೇಲೆ. ಗೇರ್‌ಬಾಕ್ಸಿನ ಹಿಂದಿನ ಫ್ಲಾಂಜ್ (ಶಾಫ್ಟ್ ಬೋಲ್ಟ್ ಆಗುವ ಚಪ್ಪಟೆ ಬಿಲ್ಲೆ), ಹಿಂದಿನ ಆಕ್ಸಲ್‌ನಲ್ಲಿರುವ ಡಿಫರೆನ್ಷಿಯಲ್ ಫ್ಲಾಂಜ್ ಎರಡೂ ಸಮಾನಾಂತರ ಇರಬೇಕು, ಆಗಲೇ ಶಾಫ್ಟಿನ ಒಂದು ತುದಿಯ ಯು-ಜಾಯಿಂಟಿನ (ಬಾಗಿದರೂ ತಿರುಗುವ ಕೀಲು) ವೇಗದ ಏರಿಳಿತವನ್ನು ಇನ್ನೊಂದು ಸರಿದೂಗಿಸುವುದು. ಬ್ಲಾಕ್ ಹಾಕಿದಾಗ ಇದು ಕೆಡುವುದೇ ಜಾಸ್ತಿ. ಗಾಡಿಯ ಭಾರ ಚಕ್ರದ ಮೇಲೇ ಇರುವಂತೆ ನಿಲ್ಲಿಸಿ ಎರಡೂ ಫ್ಲಾಂಜಿನ ಕೋನ ಅಳೆಯಿರಿ, ಫೋನಿನ ಕೋನ ಅಳೆಯುವ ಆ್ಯಪ್ ಸಾಕು. ವ್ಯತ್ಯಾಸ 1 ಡಿಗ್ರಿ ದಾಟಿದರೆ ಸ್ಪ್ರಿಂಗಿಗೆ ಓರೆ ಶಿಮ್ (ಬೆಣೆಯಂಥ ತೆಳು ತುಂಡು) ಕೊಡಿ. ಶಾಫ್ಟ್ ಕತ್ತರಿಸಿ ವೆಲ್ಡ್ ಮಾಡಿಸಿದ್ದರೆ ಅದರ ಎರಡೂ ತುದಿಯ ಯೋಕ್ (ಯು-ಜಾಯಿಂಟ್ ಹಿಡಿಯುವ ಕವೆ) ಒಂದೇ ಸಾಲಿನಲ್ಲಿವೆಯಾ ನೋಡಿ, ಶಾಫ್ಟ್ ಬ್ಯಾಲೆನ್ಸಿಂಗ್ ಆಮೇಲೆ.