ಬೋರ್‌ವೆಲ್ ನೀರಲ್ಲಿ ಗಂಟು ಕಟ್ಟುವ ಯೀಸ್ಟ್ ಡಿಸ್ಟಿಲ್ಡ್ ವಾಟರ್‌ನಲ್ಲಿ ಯಾಕೆ ಕಟ್ಟಲ್ಲ?

ಕ್ಯಾಲ್ಸಿಯಂ ಇಲ್ಲದ್ದೇ ಕಾರಣ ಇರಬೇಕು. ನಿಮ್ಮ ಕೊಪ್ಪಳದ ಬೋರ್‌ವೆಲ್ ನೀರು ಗಡಸು, ಅಂದರೆ ಅದರಲ್ಲಿ ಕ್ಯಾಲ್ಸಿಯಂ ಇರುತ್ತದೆ. ಕೊಡದೊಳಗೆ ಬಿಳಿ ಪೊರೆ ಕಟ್ಟುತ್ತದೆ ಅಲ್ವಾ, ಅದೇ. ಯೀಸ್ಟ್ ಕೋಶದ ಮೇಲಿರುವ ಫ್ಲೋ1 ಪ್ರೋಟೀನ್ ಪಕ್ಕದ ಕೋಶದ ಮ್ಯಾನೋಸ್ ಸಕ್ಕರೆಯನ್ನು ಹಿಡಿಯುವುದಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು.

ಮೊದಲು ಯೀಸ್ಟನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ತೊಳೆಯಿರಿ. ಆಮೇಲೆ ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಟ್ಯೂಬ್ ಅಲ್ಲಾಡಿಸಿ. ಸುಮ್ನೆ ಇಟ್ಟರೆ ಕೋಶಗಳು ಒಂದಕ್ಕೊಂದು ಸರಿಯಾಗಿ ತಾಗುವುದಿಲ್ಲ. ಒಡೆದ ಹಾಲಿನ ಹಾಗೆ ಚೂರುಚೂರಾಗಿ ತಳಕ್ಕೆ ಇಳಿಯಬೇಕು. ಇಳಿದ ಮೇಲೆ ಇಡಿಟಿಎ (ಕ್ಯಾಲ್ಸಿಯಂ ಹಿಡಿದುಕೊಳ್ಳುವ ರಾಸಾಯನಿಕ) ಹಾಕಿ, ಗಂಟು ಬಿಡುತ್ತದೆ. ಇನ್ನೊಂದು ಟ್ಯೂಬಿಗೆ ಮ್ಯಾನೋಸ್ ಜಾಸ್ತಿ ಹಾಕಿ ನೋಡಿ, ಅಲ್ಲೂ ಗಂಟು ಬಿಡಬೇಕು. ಗ್ಲೂಕೋಸ್‌ಗೂ ಬಿಟ್ಟರೆ ತಳಿ ಬೇರೆ ಬಗೆಯದು ಇರಬಹುದು.

ವೈವಾದಲ್ಲಿ ಯೀಸ್ಟ್ ಮನುಷ್ಯರ ಕೋಶಕ್ಕೆ ಅಂಟುವ ಬಗ್ಗೆ ಕೇಳಿದರೆ: ಸೋಂಕು ತರುವ ಯೀಸ್ಟ್ ಕ್ಯಾಂಡಿಡಾ ಗ್ಲಾಬ್ರಾಟಾದ ಇಪಿಎ1 ಪ್ರೋಟೀನ್ ಕೂಡ ಕ್ಯಾಲ್ಸಿಯಂ ಇದ್ದರೇ ಅಂಟುವುದು, ಆದರೆ ಅದು ಹಿಡಿಯುವುದು ಗ್ಯಾಲಕ್ಟೋಸ್ ತುದಿಯನ್ನು.