ಎರಡು ದ್ರಾಕ್ಷಿ ಹೆಸರಿದ್ದರೆ ಕಲಬೆರಕೆ ಅಲ್ಲ

ರೆಡ್ ವೈನ್ ಬಾಟಲಿ ಮೇಲೆ 'ಕ್ಯಾಬರ್ನೆ ಶಿರಾಜ್' ಅಂತ ಎರಡು ದ್ರಾಕ್ಷಿ ತಳಿಯ ಹೆಸರಿದೆ, ಇದು ಕಲಬೆರಕೆನಾ, ತಗೋಬಹುದಾ ಅಂತ ಕೇಳಿದ್ದೀರಿ. ಧೈರ್ಯವಾಗಿ ತಗೊಳ್ಳಿ. ಕಾಫಿಪುಡಿ ಅಂಗಡಿಯಲ್ಲಿ ಪೀಬೆರಿಗೆ ರೋಬಸ್ಟಾ ಬೆರೆಸಿ ಕೊಡ್ತಾರಲ್ವಾ, ಹಾಗೇ ಇದು. ಕ್ಯಾಬರ್ನೆ ಒಂದೇ ಆದರೆ ಒಗರು ಜಾಸ್ತಿ, ನಾಲಿಗೆ ಒಣಗಿದ ಹಾಗಾಗುತ್ತೆ. ಶಿರಾಜ್ ಸೇರಿದರೆ ಹಣ್ಣಿನ ರುಚಿ, ಸ್ವಲ್ಪ ಕಾಳುಮೆಣಸಿನ ಘಾಟು ಬರುತ್ತೆ.

ನಾನೂ ಅಪರೂಪಕ್ಕೆ ಕುಡಿಯೋನೇ. ನಂದಿಬೆಟ್ಟದ ತಪ್ಪಲಿನ ಗ್ರೋವರ್ ಜಂಪಾ ವೈನ್ ಕಂಪನಿಯವರ ಕ್ಯಾಬರ್ನೆ ಶಿರಾಜ್ ನನಗೆ ಹಿಡಿಸಿತು. ಅವರದೇ 'ಲಾ ರಿಸರ್ವ್' ಕೂಡ ಇದೇ ಎರಡರ ಬೆರಕೆ, ಆದರೆ ದುಬಾರಿ. ಮೊದಲ ಸಲಕ್ಕೆ ಅದು ಬೇಡ.

ಮೊದಲ ಬಾಟಲಿಯಲ್ಲಿ ನಾನು ಮಾಡಿದ ತಪ್ಪು ಕೇಳಿ. ರೆಡ್ ವೈನ್ ತಣ್ಣಗೆ ಮಾಡಬಾರದು ಅಂತ ಯಾರೋ ಹೇಳಿದ್ದರು. ಏಪ್ರಿಲ್ ಸೆಕೆಯಲ್ಲಿ ಹಾಗೇ ಬಗ್ಗಿಸಿಕೊಂಡೆ. ಮೂಗಿಗೆ ಬರೀ ಸ್ಪಿರಿಟ್ ವಾಸನೆ! ಈಗ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೀತೀನಿ. 16-18 ಡಿಗ್ರಿ ಇದ್ದರೆ ಸರಿ.

750 ಎಂಎಲ್ ಅಂದರೆ ಐದು ಗ್ಲಾಸ್. ಒಂದೇ ರಾತ್ರಿ ಮುಗಿಸಬೇಕಿಲ್ಲ, ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಇರುತ್ತೆ. ಜೊತೆಗೆ ಮಟನ್ ಚಾಪ್ಸ್ ಇದ್ದರಂತೂ ಕೇಳಲೇಬೇಡಿ.