ಕೆಡವಿದ ಮನೆಯ ಇಟ್ಟಿಗೆ, ಎರೆಹೊಲದ ದಾರಿ

ಪ್ರಶ್ನೆ: ಸರ್, ದಾವಣಗೆರೆ ಹತ್ತಿರದ ನಮ್ಮೂರಲ್ಲಿ ಹಳೇ ಮನೆ ಕೆಡವಿದ್ದೇವೆ. ಮೂವತ್ತು ಟ್ರ್ಯಾಕ್ಟರ್ ಲೋಡು ಇಟ್ಟಿಗೆ, ಕಾಂಕ್ರೀಟು, ಮಣ್ಣು ಬಿದ್ದಿದೆ. ಹೊಲದ ದಾರಿ ಅರ್ಧ ಕಿಲೋಮೀಟರ್, ಪೂರ್ತಿ ಎರೆಭೂಮಿ. ಇದನ್ನೇ ಸುರಿದರೆ ಸಾಕಲ್ವಾ? ಪಕ್ಕದ ಹೊಲದವರು ಹೋದ ವರ್ಷ ಸುರಿದದ್ದು ಒಂದೇ ಮಳೆಗಾಲಕ್ಕೆ ಹೂತುಹೋಯಿತು.

ಉತ್ತರ: ಹೂತದ್ದು ಇಟ್ಟಿಗೆಯ ತಪ್ಪಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬಿ ಕೆಸರಾಗುತ್ತದೆ. ದೊಡ್ಡ ತುಂಡುಗಳ ಸಂದಿಯಲ್ಲಿ ಆ ಕೆಸರು ಮೇಲೇರುತ್ತದೆ. ಮೇಲಿಂದ ಮೆಕ್ಕೆಜೋಳದ ಲೋಡು ಒತ್ತುತ್ತದೆ. ಇನ್ನೇನು ಉಳಿದೀತು? ಮೊದಲು ಅರ್ಧ ಅಡಿ ಗರಸು ಹಾಸಿ ರೋಲರ್ ಹೊಡೆಸಿ, ಆಮೇಲೆ ನಿಮ್ಮ ಇಟ್ಟಿಗೆ. ದಾರಿಯ ನಡುವೆ ಸ್ವಲ್ಪ ಎತ್ತರವಿರಲಿ, ಎರಡೂ ಕಡೆ ಕಾಲುವೆ ತೆಗೆಯಿರಿ. ಕಾಲುವೆ ತೆಗೆಯದಿದ್ದರೆ ಉಳಿದದ್ದೆಲ್ಲ ದಂಡ.

ಸುರಿಯುವ ಮುಂಚೆ ಆರಿಸಬೇಕು. ಕಬ್ಬಿಣ ಗುಜರಿಗೆ ಹೋಗುತ್ತದೆ, ಬಿಡಿ. ಮರ, ಪ್ಲಾಸ್ಟಿಕ್, ಗೋಡೆಯ ಮಣ್ಣು ಬೇಡ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಚೂರೂ ಬೇಡ, ಅದರಲ್ಲಿನ ಸಲ್ಫೇಟ್ ಸಿಮೆಂಟಿಗೆ ಆಗಿಬರುವುದಿಲ್ಲ. ಸಿಮೆಂಟ್ ಶೀಟಿದ್ದರೆ ಒಡೆಯಲೇಬೇಡಿ. ಅದು ಆಸ್ಬೆಸ್ಟಾಸ್ ಆಗಿದ್ದರೆ ಅದರ ಧೂಳು ಶ್ವಾಸಕೋಶಕ್ಕೆ ವಿಷ. ಉಳಿದದ್ದನ್ನು ಮೂರು ಇಂಚಿಗಿಂತ ಚಿಕ್ಕದು ಮಾಡಿಸಿ. ಹಳೇ ಗಾರೆ ಅಂಟಿದ ಚೂರು ಹೊಸ ಜಲ್ಲಿಗಿಂತ ಜಾಸ್ತಿ ನೀರು ಕುಡಿಯುತ್ತದೆ. ಚೆನ್ನಾಗಿ ನೆನೆಸಿಯೇ ರೋಲರ್ ಹೊಡೆಸಿ.

ಇದು ಬಡವರ ಉಪಾಯ ಅಂದುಕೊಳ್ಳಬೇಡಿ. ಕಟ್ಟಡ ತ್ಯಾಜ್ಯವನ್ನು ರಸ್ತೆಗೆ ಬಳಸಲು ರಸ್ತೆ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2017ರಲ್ಲೇ ಮಾರ್ಗಸೂಚಿ ಕೊಟ್ಟಿದೆ, ಐಆರ್‌ಸಿ 121. ಕಾಂಕ್ರೀಟಿನ ಜಲ್ಲಿ, ಮರಳಿಗೆ ಇರುವ ಭಾರತೀಯ ಮಾನದಂಡ ಐಎಸ್ 383ರ 2016ರ ಆವೃತ್ತಿ ಹಳೇ ಕಾಂಕ್ರೀಟಿನ ಜಲ್ಲಿಯನ್ನು ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಶೇ 20ರವರೆಗೆ ಒಪ್ಪುತ್ತದೆ, ಅದೂ ಎಂ25 ಎಂಬ ಬಲದ ದರ್ಜೆಯವರೆಗೆ ಮಾತ್ರ. ಸರ್ಕಾರಿ ಕಾಮಗಾರಿಗಳಲ್ಲಿ ಶೇ 10ರಿಂದ 20ರಷ್ಟು ಇಂಥ ಮಾಲು ಬಳಸಬೇಕೆಂದು 2016ರ ಕಟ್ಟಡ ತ್ಯಾಜ್ಯ ನಿರ್ವಹಣಾ ನಿಯಮವೇ ಹೇಳಿತ್ತು. ಟೆಂಡರ್‌ಗಳಲ್ಲಿ ಮಾತ್ರ ನಾನು ಅದನ್ನು ಕಂಡದ್ದು ಅಪರೂಪ.

ಈಗ ಲೆಕ್ಕ. ಲೋಡಿಗೆ 100 ಘನ ಅಡಿ ಹಿಡಿದರೆ ನಿಮ್ಮದು 3,000. ಮಣ್ಣು ಕಳೆದು, ರೋಲರ್‌ಗೆ ಕುಗ್ಗಿ ಅರ್ಧ ಉಳಿದೀತು. 10 ಅಡಿ ಅಗಲ, ಅರ್ಧ ಅಡಿ ದಪ್ಪಕ್ಕೆ ಅದು ಬರೀ 300 ಅಡಿ ದಾರಿ. ಅರ್ಧ ಕಿಲೋಮೀಟರ್‌ಗೆ ತೆಳ್ಳಗೆ ಹರಡಿದರೆ ಪಕ್ಕದವರ ಕಥೆಯೇ. ಪ್ರತಿವರ್ಷ ಟ್ರ್ಯಾಕ್ಟರ್ ಸಿಕ್ಕಿಬೀಳುವ ಜಾಗ ನಿಮಗೆ ಗೊತ್ತಿರುತ್ತದಲ್ಲ, ಅಲ್ಲಿಂದ ಶುರು ಮಾಡಿ.